ಊರ ಹೈಸ್ಕೂಲಿಗೆ ಮಗುವನ್ನು ಸೇರಿಸುವ ಮೊದಲು: ತಲಪಾಡಿ ಕಡೆಯಿಂದ ಒಂದು ಉತ್ತರ

ಹಾವೇರಿಯಿಂದ ಮಂಗಳೂರಿಗೆ ವರ್ಗ, ಮನೆ ನೋಡಿದ್ದು ತೊಕ್ಕೊಟ್ಟಿನಿಂದ ತಲಪಾಡಿಗೆ ಹೋಗುವ ದಾರಿಯಲ್ಲಿ, ಮಗಳು ಜೂನ್‌ಗೆ ಎಂಟನೇ ಕ್ಲಾಸು. "ಇಲ್ಲಿಯವರು ಊರ ಹೈಸ್ಕೂಲು, ಊರ ಹೈಸ್ಕೂಲು ಅಂತಾರಲ್ಲ, ಅದು ಸರಕಾರದ್ದೋ ಖಾಸಗಿಯದ್ದೋ?" ಎಂದು ಕೇಳಿದ್ದೀರಿ. ಅರ್ಧ ಅದು, ಅರ್ಧ ಇದು. ಜಾಗ, ಕಟ್ಟಡ, ಆಟದ ಮೈದಾನ ಎಲ್ಲ ಊರವರದ್ದು: ಯಾರೋ ಗುಡ್ಡೆ ಜಾಗ ಬಿಟ್ಟುಕೊಟ್ಟಿರುತ್ತಾರೆ, ಮುಂಬಯಿಯಲ್ಲಿ ಹೋಟೆಲು ನಡೆಸುವವರು ಕೋಣೆ ಕಟ್ಟಿಸಿರುತ್ತಾರೆ. ಎಷ್ಟೋ ಕಡೆ ದೇವಸ್ಥಾನ, ಚರ್ಚ್ ಅಥವಾ ಜಮಾತಿನ ಆಡಳಿತ ಮಂಡಳಿ ಇರುತ್ತದೆ. ಮಾಷ್ಟ್ರ ಸಂಬಳ ಮಾತ್ರ ಸರಕಾರದ ಅನುದಾನದಿಂದ. ಮಂಡಳಿಯ ಪರವಾಗಿ ಶಾಲೆ ನೋಡಿಕೊಳ್ಳುವವರನ್ನು ಇಲ್ಲಿ ‘ಸಂಚಾಲಕರು’ ಎನ್ನುತ್ತಾರೆ. ದಾಖಲಾತಿ ಮುಖ್ಯೋಪಾಧ್ಯಾಯರ ಕೈಯಲ್ಲಿ, ಹಣಕಾಸಿನ ಮಾತು ಸಂಚಾಲಕರ ಹತ್ತಿರ. ಇದನ್ನು ತಿಳಿದುಕೊಂಡು ಹೋದರೆ ಒಂದು ಅಲೆದಾಟ ಉಳಿಯಿತು.

ಊರವರೇ ಶಾಲೆ ಕಟ್ಟುವುದು ಈ ಜಿಲ್ಲೆಯ ಹಳೆಯ ಚಾಳಿ. ಅಮ್ಮೆಂಬಳ ಸುಬ್ಬರಾವ್ ಪೈ ಅವರು 1891ರಲ್ಲಿ ಕೆನರಾ ಹೈಸ್ಕೂಲ್ ಶುರುಮಾಡಿದರು. ಅವರು ಕೆನರಾ ಬ್ಯಾಂಕ್ ಕಟ್ಟಿದ್ದು ಆಮೇಲೆ, 1906ರಲ್ಲಿ. ಬೇರೆ ಶಾಲೆಗಳ ಬಾಗಿಲು ದಾಟಲಾಗದ ದಲಿತ ಮಕ್ಕಳಿಗಾಗಿ ಕುದ್ಮುಲ್ ರಂಗರಾಯರು ಅದೇ ಕಾಲದಲ್ಲಿ ಮಂಗಳೂರಿನಲ್ಲಿ ಶಾಲೆ ತೆರೆದರು. ನಿಮ್ಮ ಹೊಸ ಮನೆಗೆ ದೂರವಲ್ಲದ ಹರೇಕಳದಲ್ಲಿ ಕಿತ್ತಳೆ ಮಾರುತ್ತಿದ್ದ ಹಾಜಬ್ಬನವರು ಹಣ ಕೂಡಿಟ್ಟು, ಕಚೇರಿ ಕಚೇರಿ ತಿರುಗಿ ನ್ಯೂಪಡ್ಪುವಿಗೆ ಶಾಲೆ ತರಿಸಿದರು. 2020ರ ಪದ್ಮಶ್ರೀ ಅವರಿಗೆ ಬಂತು. ಅವರ ಶಾಲೆ ಸರಕಾರಿ ಶಾಲೆ. ಅನುದಾನಿತ ಶಾಲೆಯ ಕಾನೂನು ಬೇರೆ, ಆದರೆ ಹಿಂದಿರುವ ಹಟ ಒಂದೇ.

ಈಗ ಶಾಲೆ ನೋಡಲು ಹೋಗುವಾಗಿನ ಮಾತು. ಗೇಟಿನಲ್ಲೇ ‘ಎಸೆಸೆಲ್ಸಿ ಶೇ. 100’ ಎಂಬ ಬ್ಯಾನರ್ ಕಾಣುತ್ತದೆ. ಅದಕ್ಕೆ ಮರುಳಾಗಬೇಡಿ. ಎಸೆಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದೇ ಅದಲುಬದಲು. ಇಂಥ ಜಿಲ್ಲೆಯಲ್ಲಿ ನೂರಕ್ಕೆ ನೂರು ಅಪರೂಪದ ಸಂಗತಿಯಲ್ಲ, ಇಪ್ಪತ್ತೆರಡು ಮಕ್ಕಳ ಶಾಲೆಗಂತೂ ಅಲ್ಲವೇ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಹಿಂದಿನ ವರ್ಷ ಒಂಬತ್ತರಲ್ಲಿ ಎಷ್ಟು ಮಕ್ಕಳಿದ್ದರು, ಈ ವರ್ಷ ಹತ್ತರಲ್ಲಿ ಎಷ್ಟು ಮಂದಿ ಪರೀಕ್ಷೆಗೆ ಕೂತರು? ಮೂವತ್ತೆರಡು ಇದ್ದದ್ದು ಇಪ್ಪತ್ತಾರು ಆಗಿದ್ದರೆ, ಉಳಿದ ಆರು ಮಂದಿ ಎಲ್ಲಿಗೆ ಹೋದರೆಂದು ವಿಚಾರಿಸಿ. ಊರು ಬಿಟ್ಟು ಹೋದದ್ದೂ ಇರಬಹುದು, ದುರ್ಬಲರೆಂದು ಟಿ.ಸಿ. ಕೊಟ್ಟು ಸಾಗಹಾಕಿದ್ದೂ ಇರಬಹುದು. ಇನ್ನೊಂದು, 2024ರಿಂದ ಪರೀಕ್ಷೆ-1, 2, 3 ಎಂದು ಮೂರು ಅವಕಾಶಗಳಿವೆ. ಶಾಲೆ ಹೇಳುವ ಶೇಕಡಾ ಯಾವ ಪರೀಕ್ಷೆಯ ನಂತರದ್ದು ಎಂದೂ ಕೇಳಿ. ಪರೀಕ್ಷೆ-1ರದ್ದೇ ನಿಜವಾದ ಅಳತೆ.

ಫಲಿತಾಂಶಕ್ಕಿಂತ ದೊಡ್ಡ ವಿಷಯ ಹುದ್ದೆ. ಅನುದಾನಿತ ಶಾಲೆಯಲ್ಲಿ ಒಬ್ಬ ಮಾಷ್ಟ್ರು ನಿವೃತ್ತರಾದರೆ ಆ ಜಾಗ ತುಂಬಲು ಸರಕಾರದ ಅನುಮತಿ ಬೇಕು, ಅದು ಬರುವಾಗ ವರ್ಷಗಳೇ ಕಳೆಯುತ್ತವೆ. ಅಲ್ಲಿಯ ತನಕ ಮಂಡಳಿ ತನ್ನ ಕೈಯಿಂದ ಗೌರವಧನ ಕೊಟ್ಟು ಯಾರನ್ನಾದರೂ ನೇಮಿಸುತ್ತದೆ. ಹೆತ್ತವರಿಂದ ‘ಅಭಿವೃದ್ಧಿ ದೇಣಿಗೆ’ ಕೇಳುವುದರ ಹಿಂದಿನ ಕಾರಣ ಬಹಳ ಕಡೆ ಇದೇ. ಹಾಗಾಗಿ ಕೊಡಿ, ಆದರೆ ರಶೀದಿ ತೆಗೆದುಕೊಳ್ಳಿ. ತೊಂದರೆ ಏನೆಂದರೆ, ಗೌರವಧನದ ಮೇಲೆ ಬಂದ ಚುರುಕಾದ ಯುವ ಟೀಚರಿಗೆ ನವೆಂಬರಿನಲ್ಲಿ ಬೇರೆ ಕಡೆ ಕೆಲಸ ಸಿಕ್ಕಿದರೆ ಅವರು ಹೋಗುತ್ತಾರೆ, ಹೋಗಬೇಡಿ ಎನ್ನಲು ಯಾರಿಗೂ ಬಾಯಿಲ್ಲ. ಅಷ್ಟರಲ್ಲಿ ಗಣಿತದ ಅರ್ಧ ಪಾಠ ಬಾಕಿ. ಆದ್ದರಿಂದ "ಹತ್ತಕ್ಕೆ ಗಣಿತ, ವಿಜ್ಞಾನ ಯಾರು ಮಾಡುತ್ತಾರೆ, ಅವರದ್ದು ಅನುದಾನಿತ ಹುದ್ದೆಯೇ, ಎಷ್ಟು ವರ್ಷದಿಂದ ಇದ್ದಾರೆ?" ಎಂದು ನೇರ ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪಿಸಿಎಂ (ಗಣಿತ, ಭೌತಶಾಸ್ತ್ರದ ಮಾಷ್ಟ್ರು), ಸಿಬಿಝಡ್ (ರಸಾಯನ, ಜೀವಶಾಸ್ತ್ರದ ಮಾಷ್ಟ್ರು) ಎರಡೂ ಹುದ್ದೆ ಭರ್ತಿ ಇರುವ, ಗೋಡೆಯ ಸುಣ್ಣ ಉದುರುವ ಶಾಲೆ, ಹೊಸ ಟೈಲ್ಸ್ ಹಾಕಿದ ಖಾಲಿ ಹುದ್ದೆಯ ಶಾಲೆಗಿಂತ ಸಾವಿರ ಪಾಲು ಮೇಲು. ಮಕ್ಕಳ ಸಂಖ್ಯೆ ಇಳಿದರೆ ಇದ್ದ ಮಾಷ್ಟ್ರನ್ನೂ ‘ಹೆಚ್ಚುವರಿ’ ಎಂದು ಬೇರೆಡೆಗೆ ಕಳಿಸುವುದುಂಟು. ಮೇ ತಿಂಗಳಲ್ಲಿ ಮಾಷ್ಟ್ರುಗಳು ಮನೆಮನೆಗೆ ಬಂದು ಮಕ್ಕಳನ್ನು ಕೇಳುವುದು ಅದಕ್ಕೇ.

ಹೊರಗಿನಿಂದ ಬರುವವರು ಎಡವುವುದು ಮಾತ್ರ ಭಾಷೆಯಲ್ಲಿ. ನಿಮ್ಮ ಮಗಳು ಏಳರ ತನಕ ಕನ್ನಡ ಮಾಧ್ಯಮ. ಇಲ್ಲಿ ಹಲವು ಹೈಸ್ಕೂಲುಗಳಲ್ಲಿ ಎಂಟರಿಂದ ಕನ್ನಡ, ಇಂಗ್ಲಿಷ್ ಎರಡೂ ವಿಭಾಗಗಳಿವೆ, ಮತ್ತು "ಹೇಗೂ ಮುಂದೆ ಪಿಯುಸಿ ಇಂಗ್ಲಿಷಿನಲ್ಲೇ, ಈಗಲೇ ಹಾಕಿಬಿಡಿ" ಎನ್ನುವವರು ತುಂಬ. ಹಾಕಬಹುದು, ಆದರೆ ಬೆಲೆ ತಿಳಿದಿರಲಿ. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಹೋಗುವಾಗ ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಅದಕ್ಕೆ ಒಂದರಿಂದ ಹತ್ತರ ತನಕ, ಪೂರ್ತಿ 10 ವರ್ಷ, ಕನ್ನಡದಲ್ಲೇ ಓದಿರಬೇಕು. ಏಳು ವರ್ಷ ಓದಿ ಎಂಟಕ್ಕೆ ಹಾರಿದರೆ ಆ ಏಳೂ ಲೆಕ್ಕಕ್ಕಿಲ್ಲ. ಗ್ರಾಮೀಣ ಮೀಸಲಾತಿ ಶೇ. 15, ಅದಕ್ಕೂ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ 10 ವರ್ಷ. ನೋಡುವುದು ಶಾಲೆ ಇರುವ ಜಾಗವನ್ನು, ನಿಮ್ಮ ಮನೆಯನ್ನಲ್ಲ. ನಮ್ಮ ಈ ಹೆದ್ದಾರಿಯಲ್ಲಿ ಕೆಲವೇ ಕಿಲೋಮೀಟರಿನೊಳಗೆ ಉಳ್ಳಾಲ ನಗರಸಭೆ, ಸೋಮೇಶ್ವರ ಪುರಸಭೆ, ಕೋಟೆಕಾರು ಪಟ್ಟಣ ಪಂಚಾಯತ್, ತಲಪಾಡಿ ಗ್ರಾಮ ಪಂಚಾಯತ್ ಎಲ್ಲ ಬಂದುಹೋಗುತ್ತವೆ. ತೆಂಗಿನ ತೋಟದ ನಡುವಿನ ಶಾಲೆ ದಾಖಲೆಯಲ್ಲಿ ‘ನಗರ’ವಾಗಿರಬಹುದು. ಮಗಳು ಈ ತನಕ ಓದಿದ್ದು ಪೇಟೆಯ ಶಾಲೆಯಲ್ಲಾದರೆ ಅವಳಿಗೆ ಇದು ಅನ್ವಯಿಸದು, ಒಂದನೇ ಕ್ಲಾಸಿಗೆ ಸೇರಬೇಕಾದ ತಮ್ಮನಿದ್ದರೆ ನೋಡಿಕೊಳ್ಳಿ.

ಮಾಧ್ಯಮ ಬೇರೆ, ಭಾಷಾ ವಿಷಯ ಬೇರೆ. ಎಸೆಸೆಲ್ಸಿಯ ಒಟ್ಟು 625 ಅಂಕದಲ್ಲಿ ಪ್ರಥಮ ಭಾಷೆಗೆ 125 (100 ಲಿಖಿತ, 25 ಆಂತರಿಕ), ಉಳಿದ ಐದು ವಿಷಯಕ್ಕೆ ತಲಾ 100 (80 ಲಿಖಿತ, 20 ಆಂತರಿಕ). ಅಂಕ ಬರುತ್ತದೆಂದು ಎಂಟಕ್ಕೆ ಪ್ರಥಮ ಭಾಷೆಯಾಗಿ ಸಂಸ್ಕೃತ ಬರೆಸುವವರು ಇಲ್ಲಿ ಬಹಳ. ಕನ್ನಡ ಆಗ ದ್ವಿತೀಯ ಅಥವಾ ತೃತೀಯ ಭಾಷೆಗೆ ಇಳಿಯುತ್ತದೆ. ಕನ್ನಡದಲ್ಲಿ ಗಟ್ಟಿ ಇರುವ ಉತ್ತರ ಕರ್ನಾಟಕದ ಮಗುವಿಗೆ ಇದು ಅನಗತ್ಯ ಸಾಹಸ. ಎಂಟರಲ್ಲಿ ಬರೆಸಿದ ಭಾಷೆಯೇ ಹತ್ತರ ತನಕ, ನಡುವೆ ಬದಲಾಯಿಸುವುದು ಕಷ್ಟ. ಆದ್ದರಿಂದ ಅರ್ಜಿಯ ಆ ಒಂದು ಗೆರೆಯನ್ನು ಶಾಲೆಯವರೇ ತುಂಬಿಸಲು ಬಿಡಬೇಡಿ. ಕೆಲವು ಶಾಲೆಗಳಲ್ಲಿ ತೃತೀಯ ಭಾಷೆಯಾಗಿ ತುಳು ಅಥವಾ ಕೊಂಕಣಿಯೂ ಉಂಟು. ತುಳುವಿನ ಉತ್ತರ ಬರೆಯುವುದು ಕನ್ನಡ ಲಿಪಿಯಲ್ಲೇ, ಆದರೆ ಪಾಠ ಶುರುವಾಗುವುದು ಆರರಿಂದ. ನಿಮ್ಮವಳಿಗೆ ಹಿಂದಿಯೇ ಸರಿ.

ಇಂಗ್ಲಿಷ್ ವಿಭಾಗಕ್ಕೇ ಹಾಕುತ್ತೀರೆಂದಾದರೆ, ಮೊದಲ ಪೆಟ್ಟು ವಿಜ್ಞಾನದಲ್ಲಿ ಬೀಳುತ್ತದೆ. ‘ದ್ಯುತಿಸಂಶ್ಲೇಷಣೆ’ ಗೊತ್ತಿರುವ ಮಗು ‘ಫೋಟೋಸಿಂಥೆಸಿಸ್’ ಎಂದಾಗ ಹೊಸ ಪಾಠವೆಂದುಕೊಂಡು ಬೆಪ್ಪಾಗುತ್ತದೆ. ಜೂನ್ ಆರಂಭದ ‘ಸೇತುಬಂಧ’ದ ದಿನಗಳು ಹಿಂದಿನ ಪಾಠ ನೆನಪಿಸಲು ಇರುವಂಥವು, ಮಾಧ್ಯಮ ಬದಲಿಸಲು ಅಲ್ಲ. ಮೇ ತಿಂಗಳಲ್ಲೇ ಏಳನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು, ಪಾಠಕ್ಕೆ ಹತ್ತು ಪದದಂತೆ ನೋಟ್ಸಿನಲ್ಲಿ ಎರಡು ಸಾಲು ಮಾಡಿಸಿ. ಗಣಿತ ತನ್ನಷ್ಟಕ್ಕೆ ಸರಿಹೋಗುತ್ತದೆ.

ಆಟದ ಮೈದಾನದ ಭಾಷೆ ಇದ್ಯಾವುದೂ ಅಲ್ಲ. ಕ್ಲಾಸಿನಲ್ಲಿ ಅಚ್ಚ ಪುಸ್ತಕದ ಕನ್ನಡ ಮಾತಾಡುವ ಮಕ್ಕಳು ಬೆಲ್ ಹೊಡೆದ ತಕ್ಷಣ ತುಳು, ಬ್ಯಾರಿ, ಕೊಂಕಣಿ, ತಲಪಾಡಿ ಬದಿಯಲ್ಲಿ ಮಲಯಾಳಕ್ಕೂ ಜಾರುತ್ತಾರೆ. ಗೆಳತಿ "ಬಲ" ಎಂದರೆ ಬಾ ಎಂದು, ಟೀಚರಿಗೆ "ಬಲೆ" ಎಂದರೆ ಬನ್ನಿ ಎಂದು. ಮೀನಿನ ಬಲೆ ಅಲ್ಲ. ಮೂರು ತಿಂಗಳಲ್ಲಿ ಕಿವಿಗೆ ಬೀಳುತ್ತದೆ, ವರ್ಷದಲ್ಲಿ ಬಾಯಿಗೆ.

ಕಾಗದಪತ್ರಕ್ಕೆ ಬರೋಣ. ಟಿ.ಸಿ. ಕೈಯಲ್ಲಿ ಹಿಡಿದು ಬಂದರೆ ಸಾಲದು. ಹಾವೇರಿಯ ಶಾಲೆ ಸ್ಯಾಟ್ಸ್ ಎಂಬ, ಪ್ರತಿ ಮಗುವಿನ ಶಾಲಾ ದಾಖಲೆ ಇಡುವ ಸರಕಾರಿ ತಂತ್ರಾಂಶದಲ್ಲಿ ಮಗುವನ್ನು ಬಿಡುಗಡೆ ಮಾಡಿರಬೇಕು. ಆ ಒಂದು ಕೆಲಸ ಬಾಕಿ ಉಳಿದರೆ ಮಗು ಇಲ್ಲಿ ಬೆಂಚಿನ ಮೇಲೆ ಕೂತಿದ್ದರೂ ದಾಖಲೆಯಲ್ಲಿ ಅಲ್ಲೇ ಇರುತ್ತದೆ. ಬಿಡುವ ದಿನವೇ ಸ್ಯಾಟ್ಸ್ ಸಂಖ್ಯೆ ಬರೆದುಕೊಳ್ಳಿ, ಬಿಡುಗಡೆ ಆಯಿತೇ ಎಂದು ಕೇಳಿ. ಆಧಾರ್ ಮತ್ತು ಟಿ.ಸಿ.ಯಲ್ಲಿ ಹೆಸರಿನ ಅಕ್ಷರ, ಇನಿಶಿಯಲ್, ಹುಟ್ಟಿದ ದಿನ ಒಂದೇ ಇರಲಿ. ತಪ್ಪಿದ್ದರೆ ಒಂಬತ್ತು ಮುಗಿಯುವುದರೊಳಗೆ ಸರಿಮಾಡಿಸಿ. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಜನ್ಮದಿನಾಂಕ ತಿದ್ದಲು ಕೋರ್ಟಿಗೆ ಹೋಗಬೇಕಾಗುತ್ತದೆ.

ಈ ಶಾಲೆಗಳಲ್ಲಿ ಗಡಿಯಾಚೆಯ ಮಂಜೇಶ್ವರ ಕಡೆಯ ಮಕ್ಕಳೂ ಇರುತ್ತಾರೆ. 1956ರ ನವೆಂಬರ್ 1ರ ತನಕ ಆ ಕಡೆಯೂ ಈ ಕಡೆಯೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಗಡಿ ಬಂತು, ಸಂಬಂಧಗಳು ಕಡಿಯಲಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲೂ ಪಾಠ ಕನ್ನಡದಲ್ಲೇ, ಆದರೆ ಪಠ್ಯಕ್ರಮ ಕೇರಳದ್ದು, ಪರೀಕ್ಷೆಯೂ ಅಲ್ಲಿಯದೇ. ಅಲ್ಲಿಂದ ಬರುವ ಮಗುವಿಗೆ ಸ್ಯಾಟ್ಸ್ ಸಂಖ್ಯೆಯೇ ಇರುವುದಿಲ್ಲ, ಹೊಸದಾಗಿ ಸೃಷ್ಟಿಯಾಗಬೇಕು. ಹಾಗಾಗಿ ಅವರ ದಾಖಲಾತಿಗೆ ಕಚೇರಿಯಲ್ಲಿ ಹೊತ್ತು ಹೆಚ್ಚು ಹಿಡಿಯುತ್ತದೆ. 2020ರ ಕೊರೊನಾ ಕಾಲದಲ್ಲಿ ಗಡಿ ಮುಚ್ಚಿದಾಗ ಎಸೆಸೆಲ್ಸಿ ಬರೆಯುವ ಆ ಕಡೆಯ ಮಕ್ಕಳನ್ನು ತಲಪಾಡಿಯಿಂದ ಬಸ್ಸಿನಲ್ಲಿ ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ದರು.

ಊಟ, ಪಠ್ಯಪುಸ್ತಕ ಅನುದಾನಿತ ಶಾಲೆಯಲ್ಲೂ ಉಚಿತ. ಬಿಸಿಯೂಟ, ಹಾಲಿನ ಹುಡಿಯ ಬಿಸಿ ಹಾಲು, ಮೊಟ್ಟೆ ಹತ್ತನೆಯ ತರಗತಿ ತನಕ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ರೊಟ್ಟಿಯ ಊರಿನಿಂದ ಬರುವವರಿಗೆ ಅನ್ನ-ಸಾರು ನಾಲ್ಕು ದಿನ ಬೇಸರವಾಗಬಹುದು. ಒಂದು ತಟ್ಟೆ, ಒಂದು ನೀರಿನ ಬಾಟ್ಲಿ ಕಳಿಸಿದರಾಯಿತು. ಶಾಲೆಯ ಬಾವಿಯಲ್ಲಿ ಏಪ್ರಿಲಿಗೆ ನೀರಿರುತ್ತದೆಯೇ ಎಂದು ಅಡುಗೆಯವರಲ್ಲಿ ವಿಚಾರಿಸಿ. ಹುಡುಗಿಯರ ಶೌಚಾಲಯದ ಸ್ಥಿತಿ ಅದರಿಂದಲೇ ಗೊತ್ತಾಗುತ್ತದೆ.

ಇನ್ನು ಮಳೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ, ಬಹುಪಾಲು ಶಾಲೆ ಶುರುವಾದ ನಾಲ್ಕು ತಿಂಗಳಲ್ಲೇ. ರೆಡ್ ಅಲರ್ಟ್ ಇದ್ದರೆ ಜಿಲ್ಲಾಧಿಕಾರಿಗಳು ರಜೆ ಸಾರುತ್ತಾರೆ, ಹಿಂದಿನ ರಾತ್ರಿ ಅಥವಾ ಬೆಳಿಗ್ಗೆ ಬೇಗ. ಕೆಲವೊಮ್ಮೆ ಒಂದು ತಾಲೂಕಿಗೆ ಮಾತ್ರ. ಮಂಗಳೂರು ತಾಲೂಕಿಗೆ ರಜೆ, ಉಳ್ಳಾಲಕ್ಕೆ ಇಲ್ಲ ಎಂಬುದೂ ಆಗುತ್ತದೆ, ಆದೇಶವನ್ನು ಪೂರ್ತಿ ಓದಿ. ಹಳೆಯ ದಿನಾಂಕದ ಆದೇಶಗಳೂ ವಾಟ್ಸಾಪಿನಲ್ಲಿ ಸುತ್ತುತ್ತವೆ, ಶಾಲೆಯ ಗ್ರೂಪಿನಲ್ಲಿ ಬಂದದ್ದನ್ನು ಮಾತ್ರ ನಂಬಿ. ಹೋದ ದಿನಗಳನ್ನು ಆಮೇಲೆ ಶನಿವಾರ ಪೂರ್ತಿ ದಿನ ಮಾಡಿ ತುಂಬಿಸುತ್ತಾರೆ.

ಯೂನಿಫಾರ್ಮ್ ಎರಡು ಜೊತೆ ಇಲ್ಲಿ ಸಾಲದು, ಮೂರು ಬೇಕು. ಜುಲೈಯಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ತೇವ ಆರದೆ ಮುಗ್ಗುಲು ವಾಸನೆ ಹೊಡೆಯುತ್ತದೆ. ಶೂ ಅಕ್ಟೋಬರಿಗೆ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಚಪ್ಪಲಿಗೆ ಹೆಚ್ಚಿನ ಶಾಲೆಗಳು ಅಡ್ಡಿ ಮಾಡುವುದಿಲ್ಲ. ರೈನ್‌ಕೋಟಿಗಿಂತ ದೊಡ್ಡ ಕೊಡೆ ವಾಸಿ, ಬಸ್ಸಿನಲ್ಲಿ ಒದ್ದೆ ಕೋಟು ಬಿಚ್ಚಿ ಇಡಲು ಜಾಗವಿಲ್ಲ. ಪುಸ್ತಕಗಳನ್ನು ಬ್ಯಾಗಿನೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡಿ.

ಮಂಗಳೂರಿನಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಸಿಟಿ ಬಸ್ಸು. ಬೆಳಿಗ್ಗೆ ಎಂಟೂವರೆಯ ಬಸ್ಸು ತುಂಬಿ ಬಂದರೆ ಮಕ್ಕಳ ಗುಂಪು ಕಂಡಲ್ಲಿ ನಿಲ್ಲಿಸದೆ ಹೋಗುವುದೂ ಉಂಟು. ಅದಕ್ಕಿಂತ ಹಿಂದಿನ ಬಸ್ಸಿಗೆ ಲೆಕ್ಕ ಹಾಕಿ, ಒಂದು ವಾರ ನೀವೇ ಜೊತೆಗೆ ಹೋಗಿ ನೋಡಿ. ಮನೆಯಿಂದ ಶಾಲೆಗೆ ಒಳದಾರಿ ಇದ್ದರೆ ಅದನ್ನು ಬೇಸಿಗೆಯಲ್ಲಿ ನೋಡಿ ಒಪ್ಪಬೇಡಿ. ಮೇ ತಿಂಗಳಲ್ಲಿ ಒಣಗಿದ ತೋಡು (ಸಣ್ಣ ಹಳ್ಳ) ಜುಲೈಯಲ್ಲಿ ಎದೆಮಟ್ಟ ಹರಿಯುತ್ತದೆ. ಅದರ ಮೇಲಿನ ಕಾಲುಸಂಕ ಎಂದರೆ ಕೆಲವು ಕಡೆ ಎರಡು ಅಡಿಕೆ ಮರದ ಕಾಂಡ, ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರಿನ ಕೈತಾಂಗು, ಮೇಲೆ ಹಸಿರು ಪಾಚಿ. ಊರಿನ ಮಕ್ಕಳೇ ಜಾರುತ್ತಾರೆ, ಬಯಲುಸೀಮೆಯ ಮಗುವನ್ನು ಆ ದಾರಿಯಲ್ಲಿ ಒಂಟಿಯಾಗಿ ಕಳಿಸಲೇಬಾರದು. ಸುತ್ತಾದರೂ ಡಾಮರು ರಸ್ತೆಯೇ ಇರಲಿ.

ಮಗಳಿಗೆ ಕುಣಿಯಲು ಇಷ್ಟವಿದ್ದರೆ ಶಾಲೆಯಲ್ಲಿ ಯಕ್ಷಗಾನ ತರಗತಿ ಉಂಟೇ ಎಂದೂ ಕೇಳಿ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್, ಈ ಕಡೆ ಪಟ್ಲ ಫೌಂಡೇಶನ್ ಮೂಲಕ ಗುರುಗಳು ಶಾಲೆಗೇ ಬಂದು ಕಲಿಸುತ್ತಾರೆ. ಮಳೆಗಾಲದಲ್ಲಿ ತಾಳ, ಹೆಜ್ಜೆ, ವರ್ಷದ ಕೊನೆಗೆ ಬಣ್ಣ ಹಚ್ಚಿ ಪ್ರದರ್ಶನ. ಹೆಣ್ಣುಮಕ್ಕಳೂ ವೇಷ ಕಟ್ಟುತ್ತಾರೆ. ತರಗತಿ ಸಾಮಾನ್ಯವಾಗಿ ಶಾಲೆ ಬಿಟ್ಟ ಮೇಲೆ, ಹಾಗಾಗಿ ಸಂಜೆಯ ಬಸ್ಸಿನ ವೇಳೆಯನ್ನು ಮೊದಲೇ ತಿಳಿದುಕೊಂಡು ಹೆಸರು ಕೊಡಿ.