ಅಬ್ರಹಾಮನ ಲೆಕ್ಕ

ಪ್ರಶ್ನೆ: ನಾನು ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಅಬ್ರಹಾಮ ನೀತಿವಂತನಾದದ್ದು ನಂಬಿಕೆಯಿಂದ ಅಂತ ಪೌಲ ಬರೆದಿದ್ದಾನೆ. ಕ್ರಿಯೆಯಿಂದ ಅಂತ ಹೊಸ ಒಡಂಬಡಿಕೆಯ ಇನ್ನೊಂದು ಪತ್ರದಲ್ಲಿ ಯಾಕೋಬ. ಹಾಗಾದರೆ ಪೌಲ ಯೆಹೂದಿ ಸಂಪ್ರದಾಯವನ್ನೇ ಬಿಟ್ಟನಾ? ಮಕ್ಕಳಿಗೆ ಏನು ಹೇಳಲಿ ಸಾರ್?
ಓದುಗರೊಬ್ಬರು, ಹಾಸನ

ಉತ್ತರ: ಬಿಡಲಿಲ್ಲಮ್ಮ. ಹಳೆಯ ಗ್ರಂಥವನ್ನು ಇನ್ನೂ ಹತ್ತಿರ ಹಿಡಿದು ಓದಿದ.

ನಮ್ಮ ಅಮ್ಮನ ಬೈಬಲ್ ಈಗ ನನ್ನ ಹತ್ತಿರ ಇದೆ. ಅದರ ಮೊದಲ ಪುಸ್ತಕವಾದ ಆದಿಕಾಂಡದ ಅಂಚಿನಲ್ಲಿ ಅವರು ಪೆನ್ಸಿಲ್‌ನಲ್ಲಿ ಎರಡು ಅಂಕಿ ಬರೆದಿದ್ದಾರೆ. 16ನೇ ಅಧ್ಯಾಯದ ಕೊನೆಗೆ 86, 17ರ ಕೊನೆಗೆ 99. ಮಗ ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ, ಸುನ್ನತಿಯಾದಾಗ 99. ಇದೇನಮ್ಮ ಅಂತ ಕೇಳಿದರೆ ‘ಪೌಲನ ಲೆಕ್ಕ’ ಅಂದಿದ್ದರು. ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಓದಿದ ಮೇಲೇ ನನಗೆ ಅದು ಹೊಳೆದದ್ದು.

ದೇವರು ಅಬ್ರಹಾಮನ ನಂಬಿಕೆಯನ್ನು ನೀತಿಯೆಂದು ಎಣಿಸಿದ ಮಾತು ಬರುವುದು ಆದಿಕಾಂಡದ 15ನೇ ಅಧ್ಯಾಯದಲ್ಲಿ, ಇಷ್ಮಾಯೇಲ ಹುಟ್ಟುವ ಮೊದಲೇ. ಆಗ ಅವನಿಗೆ ಸುನ್ನತಿ ಆಗಿತ್ತಾ, ಇಲ್ವಾ? ಪೌಲ ಕೇಳುವುದು ಇಷ್ಟೇ. ಆಗಿರಲಿಲ್ಲ. ಅದಕ್ಕೆ ಇನ್ನೂ 13 ವರ್ಷಕ್ಕಿಂತ ಜಾಸ್ತಿ ಇತ್ತು. ಅಂದಮೇಲೆ ಸುನ್ನತಿಯಿಲ್ಲದೆ ನಂಬಿದವರಿಗೂ ಅಬ್ರಹಾಮ ತಂದೆಯೇ ಅಲ್ವಾ? ಯಾವುದು ಮೊದಲು, ಯಾವುದು ಆಮೇಲೆ ಅಂತ ಶಾಸ್ತ್ರದಿಂದಲೇ ತೋರಿಸಿ ವಾದಿಸುವವನು ಶಾಸ್ತ್ರವನ್ನು ಬಿಟ್ಟವನಲ್ಲ. ಪೌಲ ಫರಿಸಾಯನಾಗಿ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದಲ್ಲಿ ಕಲಿತವನು. ಆ ಕಲಿಕೆ ಇಲ್ಲಿ ಎದ್ದು ಕಾಣುತ್ತದೆ.

ಯಾಕೋಬ ಅದೇ ವಾಕ್ಯವನ್ನು ಆದಿಕಾಂಡದ 22ನೇ ಅಧ್ಯಾಯಕ್ಕೆ, ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿಪೀಠದ ಮೇಲೆ ಇಟ್ಟ ಗಳಿಗೆಗೆ ಜೋಡಿಸುತ್ತಾನೆ. ಅದೂ ಅವನ ಹೊಸ ಮಾತಲ್ಲ. ಕಥೋಲಿಕರ ಬೈಬಲ್‌ನಲ್ಲಿರುವ ಮಕ್ಕಬಿಯರ ಮೊದಲನೇ ಪುಸ್ತಕದ 2ನೇ ಅಧ್ಯಾಯ ತೆಗೆಯಿರಿ. ಯೇಸುವಿಗಿಂತ ಹಿಂದಿನ ಯೆಹೂದಿ ಪುಸ್ತಕ ಅದು. ಸಾಯುವ ಹೊತ್ತಿಗೆ ಯೆಹೂದಿ ಯಾಜಕ ಮತ್ತಾತಿಯ ತನ್ನ ಮಕ್ಕಳಿಗೆ ಹೇಳುತ್ತಾನೆ: ಪರೀಕ್ಷೆಯಲ್ಲಿ ಅಬ್ರಹಾಮ ನಂಬಿಗಸ್ತನಾಗಿ ನಿಂತ, ಅದೇ ಅವನಿಗೆ ನೀತಿಯೆಂದು ಎಣಿಕೆಯಾಯಿತು. ನಂಬಿಕೆ, ನಂಬಿಗಸ್ತ ಎರಡಕ್ಕೂ ಕನ್ನಡದಲ್ಲಿ ಬೇರು ಒಂದೇ. ಹೀಬ್ರೂವಿನಲ್ಲೂ ಹಾಗೇ. ನಾವು ದಿನಾ ಹೇಳುವ ‘ಆಮೆನ್’ ಕೂಡ ಅದೇ ಬೇರಿನದು. ನನಗೆ ಇದು ತುಂಬಾ ಇಷ್ಟದ ವಿಷಯ.

ಇನ್ನು ಕ್ರಿಯೆ. ಇಬ್ಬರ ಎದುರಿದ್ದ ಪ್ರಶ್ನೆಗಳೇ ಬೇರೆ. ಅನ್ಯಜನರೂ, ಅಂದರೆ ಯೆಹೂದಿಗಳಲ್ಲದವರೂ ಸುನ್ನತಿ ಮಾಡಿಸಿಕೊಳ್ಳಲೇಬೇಕಾ ಅನ್ನುವುದು ಪೌಲನ ಎದುರಿದ್ದ ಜಗಳ. ಯಾಕೋಬನ ಕಣ್ಣ ಮುಂದೆ ಇರುವುದು ಬಟ್ಟೆಯಿಲ್ಲದ, ಅವತ್ತಿನ ಊಟಕ್ಕೂ ಗತಿಯಿಲ್ಲದ ಸಹೋದರ. ಅವನಿಗೆ ಸುಮ್ನೆ ‘ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ’ ಅಂದರೆ ಏನು ಬಂತು ಅಂತ ಕೇಳುತ್ತಾನೆ.

ಈ ಭಾನುವಾರ ಮಕ್ಕಳ ಕೈಗೆ ಪೆನ್ಸಿಲ್ ಕೊಡಿ. ಮೊದಲು 86, 99 ಅವರೇ ಹುಡುಕಲಿ. ಪೌಲನ ಪತ್ರವನ್ನು ಆಮೇಲೆ ತೆರೆಯಿರಿ.