ಅಷ್ಟೇನೂ ಹೆಸರು ಮಾಡದ ಆಟಗಾರನ ಹಳೇ ಬೇಸ್‌ಬಾಲ್ ಕಾರ್ಡ್‌ಗೂ ಅಷ್ಟೊಂದು ಬೆಲೆ ಯಾಕೆ?

ಬೇಸ್‌ಬಾಲ್ ಕಾರ್ಡ್ ಅಂದರೆ ಆಟಗಾರನ ಚಿತ್ರವಿರುವ, ಜನ ಸಂಗ್ರಹಿಸುವ ಪುಟ್ಟ ಕಾರ್ಡ್. ಅದಕ್ಕೆ ಬೆಲೆ ಬರುವುದು ಆಟಗಾರನಿಂದ ಮಾತ್ರ ಅಲ್ಲ. ಆ ಕಾರ್ಡ್ ಎಷ್ಟು ಉಳಿದಿದೆ, ಯಾವ ಸ್ಥಿತಿಯಲ್ಲಿದೆ ಅನ್ನುವುದೇ ಎಷ್ಟೋ ಸಲ ಜಾಸ್ತಿ ಮುಖ್ಯ. ಪೂರ್ತಿ ಸೆಟ್ ಕೂಡಿಸಲು ಹೊರಟವರಿಗೆ ಅದರ ಪ್ರತಿ ನಂಬರಿನ ಕಾರ್ಡೂ ಬೇಕೇ ಬೇಕು, ಅಲ್ವಾ?

ಅಮೆರಿಕದ ಆಂಡಿ ಪ್ಯಾಫ್ಕೊ ಕಾರ್ಡನ್ನೇ ನೋಡಿ. ಒಳ್ಳೆಯ ಆಟಗಾರನೇ, ಆದರೆ ದೊಡ್ಡ ಬೇಸ್‌ಬಾಲ್ ತಾರೆ ಮಿಕ್ಕಿ ಮ್ಯಾಂಟಲ್‌ನಷ್ಟು ಹೆಸರಿಲ್ಲ. ಇಂಥ ಕಾರ್ಡ್ ತರುವ ಟಾಪ್ಸ್ ಕಂಪನಿಯ 1952ರ ಸೆಟ್‌ನಲ್ಲಿ 407 ಕಾರ್ಡ್‌ಗಳಿವೆ. 1ನೇ ನಂಬರ್ ಪ್ಯಾಫ್ಕೊನದು. ಮಕ್ಕಳು ಕಾರ್ಡ್‌ಗಳನ್ನು ನಂಬರ್ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿಡುತ್ತಿದ್ದರು. ಪೆಟ್ಟೆಲ್ಲ ಬಿದ್ದಿದ್ದು ಮೇಲಿದ್ದ ಪ್ಯಾಫ್ಕೊಗೆ! ಅಂಚು ಕಿತ್ತು, ಮೂಲೆ ಮಡಚಿ, ಬಣ್ಣ ಸವೆದು ಹೋಯಿತು. ಹಾಗಾಗಿ ಮೂಲೆ ಚೂಪಾಗಿ ಉಳಿದ ಪ್ಯಾಫ್ಕೊ ಕಾರ್ಡ್ ತುಂಬಾ ಅಪರೂಪ. ಅದಕ್ಕೇ ದುಬಾರಿ.

ಅಚ್ಚಿನ ತಪ್ಪೂ ಇದೇ ಕೆಲಸ ಮಾಡುತ್ತದೆ. 1910ರ ಸುಮಾರಿನ ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ಕಾರ್ಡ್ ಒಂದರಲ್ಲಿ ಆಟಗಾರ ಜೋ ಡಾಯ್ಲ್‌ನ ತಂಡ ಆಡುತ್ತಿದ್ದ ಲೀಗ್‌ನ ಹೆಸರು ತಪ್ಪಾಗಿತ್ತು. ತಪ್ಪಿರುವ ಪ್ರತಿಗಳು ಈಗ ಬೆರಳೆಣಿಕೆಯಷ್ಟೇ.

ಸಾಮಾನ್ಯ ಆಟಗಾರರ ಸವೆದ ಕಾರ್ಡ್‌ಗಳು ಮಾತ್ರ ಸಾಕಷ್ಟು ಅಗ್ಗ. ಹೊಸಬರು ಅಲ್ಲಿಂದಲೇ ಶುರು ಮಾಡಬಹುದು.