ನಿಧಾನದ ಗಾಡಿ ಮುಂದೆ ಇರ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಾವು ಐದು ಜನ ಗೆಳೆಯರು ಸೇರಿ ಹಳೇ ಕಾರುಗಳದ್ದೊಂದು ಸಣ್ಣ ಕ್ಲಬ್ ಮಾಡ್ಕೊಂಡಿದೀವಿ. ಎರಡು ಅಂಬಾಸಿಡರ್, ಎರಡು ಪ್ರೀಮಿಯರ್ ಪದ್ಮಿನಿ, ಒಂದು 1968ರ ಸ್ಟ್ಯಾಂಡರ್ಡ್ ಹೆರಾಲ್ಡ್ ಅದಾವೆ. ಮುಂದಿನ ತಿಂಗಳು ಬೆಂಗಳೂರಲ್ಲಿ ಹಳೇ ಕಾರುಗಳ ಶೋ ಐತೆ. ಲಾರಿ ಮೇಲೆ ಹಾಕಿ ಕಳಿಸೋದು ಬೇಡ, ಓಡಿಸ್ಕೊಂಡೇ ಹೋಗೋಣ ಅಂತ ಆಸೆ. ಆದ್ರೆ ಇವು ಇತ್ತೀಚೆಗೆ ಹರಿಹರ ದಾಟಿ ಹೋಗಿದ್ದೇ ಇಲ್ಲ. ಏನೇನು ನೋಡ್ಕೋಬೇಕು?
ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಓಡಿಸ್ಕೊಂಡೇ ಹೋಗ್ರಿ ಸರ್. ನಿಮ್ಮ ಪತ್ರ ಓದಿ ನಂಗೆ ತುಂಬಾ ಖುಷಿ ಆಯ್ತು. ಓಡೋ ಕಾರನ್ನ ಲಾರಿ ಮೇಲೆ ನೋಡೋಕೆ ನಂಗೂ ಮನಸ್ಸು ಬರಲ್ಲ. ಆದ್ರೆ 260 ಕಿಲೋಮೀಟರ್ ಹತ್ರ ಹತ್ರ ದಾರಿ ಐತೆ, ಅದೂ ನಾವು ಮೊದಲು ಎನ್‌ಎಚ್ 4 ಅಂತಿದ್ದ, ಈಗ 48 ಆಗಿರೋ ಹೈವೇ. ಪಕ್ಕದಲ್ಲಿ ವೋಲ್ವೋ ಬಸ್ಸುಗಳು ನೂರರಲ್ಲಿ ಹೋಗ್ತಿರ್ತಾವೆ. ನಿಮ್ಮ ಅಂಬಾಸಿಡರ್‌ದು 1489 ಸಿಸಿ, ಪದ್ಮಿನಿದು 1089, ಹೆರಾಲ್ಡ್‌ದು ಬರೀ 948. ಹಾಗಾಗಿ ಮೊದಲನೇ ಮಾತು ಇದು: ಹೆರಾಲ್ಡ್ ಎಲ್ಲಕ್ಕಿಂತ ಮುಂದೆ ಇರ್ಲಿ, ಅದು ಎಷ್ಟು ಸ್ಪೀಡಲ್ಲಿ ಆರಾಮಾಗಿ ಹೋಗುತ್ತೋ ಉಳಿದ ನಾಲ್ಕೂ ಅಷ್ಟರಲ್ಲೇ ಬರ್ಲಿ. ಅದು ಹಿಂದೆ ಉಳಿದ್ರೆ ಪಾಪ ಓಡಿಸೋರು ಹೆಂಗಾದ್ರೂ ಹಿಡೀಬೇಕು ಅಂತ ಎಕ್ಸಿಲೇಟರ್ ಒತ್ತೇ ಒತ್ತಾರೆ, ಅಲ್ಲೇ ಇಂಜಿನ್ ಕಾಯೋದು. ಅರವತ್ತು ಸಾಕು. ರಿಪೇರಿ ಗೊತ್ತಿರೋರು, ಟೂಲ್ ಕಿಟ್ಟು, ಎಳೆಯೋ ಹಗ್ಗ ಇವೆಲ್ಲ ಕೊನೇ ಕಾರಲ್ಲಿರ್ಲಿ. ಒಬ್ಬರ ಹಿಂದೆ ಒಬ್ಬರು ಅಂಟ್ಕೊಂಡು ಹೋಗೋದೂ ಬೇಡ, ಮಧ್ಯ ಲಾರಿ ಬಂದ್ರೆ ಬರ್ಲಿ, ಸಿರಿಗೆರೆ ಕ್ರಾಸು, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಅಂತ ಮೊದಲೇ ಜಾಗ ಮಾತಾಡ್ಕೊಂಡು ಅಲ್ಲಲ್ಲಿ ನಿಂತು ಎಲ್ರೂ ಬಂದ್ರಾ ಅಂತ ನೋಡ್ಕೊಂಡು ಮುಂದೆ ಹೋಗ್ರಿ.

ಈಗ ಪೆಟ್ರೋಲ್ ವಿಷಯ, ಇದನ್ನ ಸ್ವಲ್ಪ ಜಾಸ್ತೀನೇ ಹೇಳ್ತೀನಿ ಯಾಕಂದ್ರೆ ಹಳೇ ಕಾರು ಇಟ್ಕೊಂಡಿರೋ ಬಹಳ ಜನ ಸೋಲೋದು ಇಲ್ಲೇ. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್. ನಮ್ಮ ಕಾರುಗಳು ಹುಟ್ಟಿದಾಗ ಇದು ಇರ್ಲೇ ಇಲ್ಲ, ಆಗಿನ ರಬ್ಬರ್ ಇದಕ್ಕೆ ಮಾಡಿದ್ದಲ್ಲ. ಪೆಟ್ರೋಲ್ ಪೈಪು ಉಬ್ಬಿ ಮೆತ್ತಗಾಗುತ್ತೆ ಇಲ್ಲಾ ಸೀಳುತ್ತೆ, ಪಂಪಿನೊಳಗಿನ ರಬ್ಬರ್ ಪೊರೆ, ಅಂದ್ರೆ ಡಯಾಫ್ರಮ್, ಹೋಗುತ್ತೆ, ಟ್ಯಾಂಕ್ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ತುಕ್ಕು ಕಿಲುಬು ಎಲ್ಲಾ ಬಿಟ್ಕೊಂಡು ಬಂದು ಕಾರ್ಬೊರೇಟರಿನ ಜೆಟ್, ಅಂದ್ರೆ ಪೆಟ್ರೋಲ್ ಹೋಗೋ ಸಣ್ಣ ತೂತು, ಕಟ್ಟುತ್ತೆ. ಎಥನಾಲ್ ಗಾಳೀಲಿರೋ ನೀರಂಶಾನೂ ಎಳ್ಕೊಳ್ಳುತ್ತೆ, ಅದಕ್ಕೇ ಎರಡು ತಿಂಗಳಿಂದ ಟ್ಯಾಂಕಲ್ಲಿ ನಿಂತಿರೋ ಪೆಟ್ರೋಲ್ ನಂಬ್ಕೊಂಡು ಹೊರಡಬೇಡ್ರಿ. ಎಥನಾಲ್ ತಡ್ಕೊಳ್ಳೋ ಪೈಪು ಕೇಳಿ ಹಾಕಿಸ್ರಿ, ಡಯಾಫ್ರಮ್ ಹೊಸದಿರ್ಲಿ, ಪೈಪಿನ ಮಧ್ಯ ಒಳಗಿನ ಕಸ ಕಾಣೋ ಅಂಥ ಸಣ್ಣ ಫಿಲ್ಟರ್ ಒಂದು ಹಾಕಿ ಇನ್ನೆರಡು ಡಿಕ್ಕೀಲಿ ಇಟ್ಕೊಳ್ರಿ.

ನನ್ನ ಪದ್ಮಿನಿ ಒಂದ್ಸಲ ಹಿರಿಯೂರು ಹತ್ರ ಮಧ್ಯಾಹ್ನದ ಬಿಸಿಲಲ್ಲಿ ಟೋಲ್ ಸಾಲಲ್ಲಿ ನಿಂತಿದ್ದಾಗ ಆಫ್ ಆಗಿದ್ದು ಮತ್ತೆ ಸ್ಟಾರ್ಟೇ ಆಗ್ಲಿಲ್ಲ. ಬ್ಯಾಟರಿ ಸರಿ ಐತೆ, ಪ್ಲಗ್ಗಲ್ಲಿ ಕರೆಂಟ್ ಬರ್ತೈತೆ, ಆದ್ರೆ ಕಾರ್ಬೊರೇಟರಿಗೆ ಪೆಟ್ರೋಲ್ ಬರ್ತಿಲ್ಲ. ಈ ಕಾರುಗಳಲ್ಲಿ ಪಂಪು ಇಂಜಿನ್ ಮೈಗೇ ಕೂತಿರುತ್ತೆ, ಗಾಡಿ ನಿಂತಾಗ ಗಾಳಿ ಆಡಲ್ಲ, ಕಾವಿಗೆ ಪೆಟ್ರೋಲ್ ಪಂಪಿನೊಳಗೇ ಆವಿ ಆಗಿಬಿಡುತ್ತೆ, ಪಂಪು ಆವೀನ ತಳ್ಳಲ್ಲ. ಒಬ್ಬ ಲಾರಿ ಡ್ರೈವರಣ್ಣ ಇಳಿದು ಬಂದು ತನ್ನ ಟವೆಲ್ ನೆನೆಸಿ ಪಂಪಿಗೆ ಸುತ್ತಿ "ಅರ್ಧ ಗಂಟೆ ಮುಟ್ಟಬೇಡ್ರಿ" ಅಂದ. ಅಷ್ಟೇ, ಆಮೇಲೆ ಬೆಂಗಳೂರು ತನಕ ಎಲ್ಲೂ ನಿಲ್ಲಲಿಲ್ಲ. ಅವತ್ತಿಂದ ಒಂದು ಹತ್ತಿ ಟವೆಲ್ಲು, ಐದು ಲೀಟರ್ ನೀರು ನನ್ನ ಕಾರಲ್ಲಿ ಯಾವಾಗ್ಲೂ ಇರ್ತಾವೆ. ನೀವು ಬೆಳಿಗ್ಗೆ ಐದೂವರೆಗೇ ಹೊರಟುಬಿಡ್ರಿ, ಬೆಣ್ಣೆದೋಸೆ ತಿಂದು ಹೊರಡೋಣ ಅಂತ ಕೂತ್ರೆ ಶಿರಾ ಬಯಲಿಗೆ ಬರೋ ಹೊತ್ತಿಗೆ ಬಿಸಿಲು ನೆತ್ತಿ ಮೇಲಿರುತ್ತೆ. ಫಾಸ್ಟ್ಯಾಗ್‌ನಲ್ಲಿ ದುಡ್ಡು ಹಾಕಿಡ್ರಿ, ಹೆಬ್ಬಾಳು, ಗುಯಿಲಾಳು ಟೋಲಲ್ಲಿ ಸುಮ್ನೆ ನಿಂತು ಇಂಜಿನ್ ಕಾಯಿಸೋದು ತಪ್ಪುತ್ತೆ.

ಬ್ರೇಕು ನಾಲ್ಕೂ ಡ್ರಮ್ಮು, ಹೊಸ ಕಾರು ನಿಂತಷ್ಟು ಬೇಗ ನಿಲ್ಲಲ್ಲ. ವೀಲ್ ಸಿಲಿಂಡರ್ ಒಳಗಿನ ರಬ್ಬರ್ ಕಪ್‌ಗಳನ್ನ ಬದಲಾಯಿಸಿ ಹೊಸ ಬ್ರೇಕ್ ಆಯಿಲ್ ಹಾಕಿಸ್ರಿ. ಟೈರಿನ ಬಟನ್ ಸವೆದಿಲ್ಲ, ಚೆನ್ನಾಗೈತೆ ಅಂತ ಮೋಸ ಹೋಗಬೇಡ್ರಿ, ಪಕ್ಕದಲ್ಲಿ ನಾಲ್ಕು ಅಂಕಿ ಇರ್ತಾವೆ ನೋಡ್ರಿ, 2314 ಅಂತಿದ್ರೆ 2014ರ 23ನೇ ವಾರದ್ದು, ಅಂಥದ್ರಲ್ಲಿ ಹೈವೇಗೆ ಇಳೀಲೇಬೇಡ್ರಿ. ಫ್ಯಾನ್ ಬೆಲ್ಟು, ರೇಡಿಯೇಟರ್ ಹೋಸು, ಪ್ಲಗ್ಗಿಗೆ ಕಿಡಿ ಕೊಡೋ ಪಾಯಿಂಟ್ ಸೆಟ್ಟು, ಕಂಡೆನ್ಸರ್ ಪ್ರತಿ ಮಾಡೆಲ್ಲಿಗೂ ಒಂದೊಂದು ಜೊತೇಲಿರ್ಲಿ. ಹೆರಾಲ್ಡ್ ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತಲ್ಲ, ಅದರ ಎರಡೂ ಪಕ್ಕದ ಲಾಕು ಬಿಗಿ ಇದಾವಾ ಅಂತ ಪ್ರತಿ ಸ್ಟಾಪಲ್ಲೂ ಕೈ ಹಾಕಿ ನೋಡ್ರಿ. ಡೈನಮೋ ಇರೋ ಗಾಡೀಲಿ ನಿಧಾನ ಆದಾಗೆಲ್ಲ ಲೈಟು ಮಂಕಾಗುತ್ತೆ, ಅದಕ್ಕೇ ಶೋ ಮುಗಿದ ರಾತ್ರೀನೇ ವಾಪಸ್ ಬರಬೇಡ್ರಿ, ಮಲಗಿದ್ದು ಬೆಳಿಗ್ಗೆ ಹೊರಡ್ರಿ.

ಪ್ರಶ್ನೆ: ಹಳೇ ಕಾರಿಗೆ ವಿಎ ನಂಬರ್, ಅಂದ್ರೆ ವಿಂಟೇಜ್ ಗಾಡಿಗೆ ಕೊಡೋ ನಂಬರ್, ತಗೊಂಡ್ರೆ ಒಳ್ಳೇದಾ? ನಂದು 1986ರ ಪದ್ಮಿನಿ, ವಾರಕ್ಕೆರಡು ಸಲ ತೋಟಕ್ಕೆ ಓಡಿಸ್ತೀನಿ.
ಓದುಗರೊಬ್ಬರು, ಚನ್ನಗಿರಿ

ಉತ್ತರ: ನಿಮಗೆ ಅದು ಸಿಗೋದೂ ಇಲ್ಲ, ಬೇಕಾಗೂ ಇಲ್ಲ ಸರ್. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರ್ಬೇಕು, ಗಾಡಿ ಮೂಲ ರೂಪದಲ್ಲೇ ಇರ್ಬೇಕು. ಪದ್ಮಿನಿ ಅನ್ನೋ ಹೆಸರು ಬಂದಿದ್ದೇ 1974ರಲ್ಲಿ, ಅದಕ್ಕೂ ಮುಂಚೆ ಅದಕ್ಕೆ ಬೇರೆ ಹೆಸರಿತ್ತು, ಹಾಗಾಗಿ ಮೊಟ್ಟಮೊದಲ ಪದ್ಮಿನಿಗೇ 50 ತುಂಬಿದ್ದು 2024ರಲ್ಲಿ. ಹೊಸದಾಗಿ ವಿಂಟೇಜ್ ರಿಜಿಸ್ಟ್ರೇಷನ್ನಿಗೆ 20,000 ರೂಪಾಯಿ ಫೀಸು, 10 ವರ್ಷ ನಡೆಯುತ್ತೆ. ಆದ್ರೆ ಆಮೇಲೆ ಶೋ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಬಿಟ್ರೆ ದಿನಬಳಕೆಗೆ ರಸ್ತೆಗಿಳಿಸೋ ಹಾಗಿಲ್ಲ, ನಿಮ್ಮ ತೋಟದ ಓಡಾಟ ನಿಂತೇಹೋಗುತ್ತೆ. ಈಗಿರೋ ಆರ್‌ಸಿ ರಿನೀವಲ್, ಇನ್ಶೂರೆನ್ಸು, ಎಮಿಷನ್ ಸರಿ ಇಟ್ಕೊಂಡು ಓಡಿಸ್ತಾ ಇರ್ರಿ.

ಪ್ರಶ್ನೆ: ಅಪ್ಪ ತಗೊಂಡಿದ್ದ 1978ರ ಅಂಬಾಸಿಡರ್ ಐತೆ, ಇಂಜಿನ್ ಚೆನ್ನಾಗೈತೆ, ಬಣ್ಣ ಮಾತ್ರ ಮಾಸಿದೆ. ಬೆಂಗಳೂರು ಶೋಗೆ ಪೂರ್ತಿ ಪೇಂಟ್ ಮಾಡಿಸ್ಲಾ?
ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಬೇಡ, ದಯವಿಟ್ಟು ಬೇಡ. ಫ್ಯಾಕ್ಟರಿ ಬಣ್ಣ ಒಂದೇ ಸಲ ಬರೋದು, ಕೆರೆದುಬಿಟ್ರೆ ಮುಗೀತು. ತುಕ್ಕು ಹಿಡಿದ ಜಾಗ ಇದ್ರೆ ಅಷ್ಟಕ್ಕೇ ಮಾಡಿಸ್ರಿ, ಉಳಿದದ್ದನ್ನ ಮೆತ್ತನೆ ಬಟ್ಟೇಲಿ ತೊಳೆದು ಪಾಲಿಶ್ ಹಾಕಿದ್ರೆ ಸಾಕು. ಹಳೇ ಬಿಲ್ಲು, ಆರ್‌ಸಿ ಪುಸ್ತಕ, ಅಪ್ಪ ಕಾರಿನ ಜೊತೆ ನಿಂತಿರೋ ಫೋಟೋ ಇದ್ರೆ ಶೋಗೆ ತಗೊಂಡು ಹೋಗ್ರಿ, ನೋಡೋಕೆ ಬರೋರು ಅದನ್ನ ನಿಂತು ಓದ್ತಾರೆ. ಮೇಲೆ ಪತ್ರ ಬರ್ದಿರೋ ದಾವಣಗೆರೆ ಗೆಳೆಯರಿಗೆ ನಿಮ್ಮ ವಿಷಯ ತಿಳಿಸ್ತೀನಿ, ಅವರು ಏಳು ಗಂಟೆ ಹೊತ್ತಿಗೆ ದುರ್ಗಕ್ಕೆ ಬರ್ತಾರೆ, ಆರನೇ ಕಾರಾಗಿ ಸೇರ್ಕೊಳ್ರಿ. ಅಪ್ಪನಿಗೆ ಪ್ರಯಾಣ ಮಾಡೋಕಾಗುತ್ತೆ ಅಂದ್ರೆ ಅವರನ್ನೂ ಕರ್ಕೊಂಡು ಹೋಗ್ರಿ, ಆ ಕಾರಿನ ಮುಂದಿನ ಉದ್ದ ಸೀಟು ಇನ್ನೂ ಹಂಗೇ ಇದ್ರೆ ಮೊಮ್ಮಕ್ಕಳೂ ಅವರ ಪಕ್ಕದಲ್ಲೇ ಕೂರಬಹುದು.